ಬೋರ್ಡಿಗೊಂದು ಇಸ್ವಿ

ವೈನ್ ಫ್ಯಾಕ್ಟರಿ ಮ್ಯಾನೇಜರು ಹೇಳಿ ಹೋದರು:
ಗೇಟಿನ ಪಕ್ಕ ದೊಡ್ಡ ಬೋರ್ಡು, ಇನಾಯತ್.
ಊರಿನ ಇತಿಹಾಸ ಹತ್ತು ಸಾಲು,
ಮೇಲೆ ದಪ್ಪಗೆ ಒಂದು ಇಸ್ವಿ.
ಇಟಲಿಯ ಊರುಗಳಲ್ಲಿ ಹಾಗೇ ಇರುತ್ತಂತೆ,
ಕಲ್ಲಿನ ಕಮಾನು, ಕಮಾನಿನ ನೆತ್ತಿಗೆ ಇಸ್ವಿ,
ಓದುತ್ತಿದ್ದಂತೆ ಬಾಯಾರಬೇಕು.

ಹತ್ತು ಸಾಲು ಸುಲಭ.
ಇಸ್ವಿ ಎಲ್ಲಿಂದ ತರಲಿ?

ಚಪ್ಪರದಡಿ ಗೊನೆ ಕೊಯ್ಯುತ್ತಿದ್ದ ದೊಡ್ಡಪಾಪಮ್ಮ
ಕತ್ತರಿ ನಿಲ್ಲಿಸದೆ ಅಂದಳು:
ಮೊದಲ ಬಳ್ಳಿ ನಮ್ಮತ್ತೆ ಜೊತೆ ಬಂದಿದ್ದು.
ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಕಡ್ಡಿ.
ಹೊಸ್ತಿಲಲ್ಲಿ ಸೊಸೆ ನಿಂತೇ ಇದ್ದಳು,
ನೀರು ಮೊದಲು ಕಡ್ಡಿಗೆ ಕೊಟ್ಟರಂತೆ.
ಯಾವ ವರುಷ ಅಂತೀಯಾ?
ಬಾವಿಗೆ ಸಿಡಿಮದ್ದು ಇಟ್ಟ ವರುಷ.

ಆ ಬಾವಿ ಮುಚ್ಚಿ, ಮೇಲೆ ಈಗ ಹಾಲಿನ ಡೈರಿ.

ಆವಲಪ್ಪ ಬೀಡಿ ಆರಿಸಿದ:
ಬಳ್ಳಿ ಬಿಡು ಸಾಬಿ, ಕಂಬ ಎಣಿಸು.
ಒಂದೊಂದರ ಅಂಚಿಗೂ ಉಳಿ ಗುರುತು,
ಚನ್ನಗಿರಿ ಕಡೆಯ ಬಂಡೆ, ನಮ್ಮಪ್ಪ ಸೀಳಿದ್ದು.
ಕಮಾನು ಗಿಮಾನು ನಮಗೆ ಗೊತ್ತಿಲ್ಲ.
ನಿಲ್ಲಿಸಿದ್ದೆಲ್ಲ ನೆಟ್ಟಗೆ ನಿಂತಿದೆ, ಅಷ್ಟೆ.

ಶಾನುಭೋಗರ ಮೊಮ್ಮಗ ಹಳೆ ಲೆಕ್ಕದ ಪುಸ್ತಕ ಬಿಚ್ಚಿದ.
ಬೆಳೆಯ ಕಾಲಮ್ಮಿನಲ್ಲಿ ರಾಗಿ, ರಾಗಿ, ಹುರುಳಿ, ರಾಗಿ.
ಆಮೇಲೆ ಹುಳ ತಿಂದ ಒಂದು ತೂತು.
ತೂತಿನಾಚೆ ದ್ರಾಕ್ಷಿ.
ಬೆರಳು ಹಾಕಿದೆ,
ಆ ಕಡೆ ಬಂತು.

ಮ್ಯಾನೇಜರಿಗೆ ಫೋನು ಮಾಡಿದರೆ
ಬೋರ್ಡೋ ಅನ್ನುವ ಊರಿನ ಹಿರಿಮೆ ಶುರು ಮಾಡಿದರು.
ಬೋರ್ಡೋ ಊರೇ?
ನಮ್ಮಲ್ಲಿ ಅದು ಬಕೀಟಿನ ಹೆಸರು.
ಮೈಲುತುತ್ತ, ಸುಣ್ಣ, ನೀರು, ಕದಡಲು ಬೇವಿನ ಕೋಲು,
ಎಲೆಗೆ ಬೂಸು ಬಂದರೆ ಬೆನ್ನಿಗೆ ಪಂಪು.
ಅಬ್ಬಾ ಮೂವತ್ತು ಮಳೆಗಾಲ ಪರರ ತೋಟಕ್ಕೆ ಹೊಡೆದರು.
ಅಂಗಿ ನೀಲಿ, ಹುಬ್ಬು ನೀಲಿ, ಸೈಕಲ್ ಹ್ಯಾಂಡಲ್ ನೀಲಿ.
ವೈನು ನಾಲಿಗೆಗೆ ಸೋಕಿಸಿದವರಲ್ಲ.
ಕೊನೆಯ ಸ್ನಾನಕ್ಕೆ ಉಗುರು ಎಷ್ಟು ಉಜ್ಜಿದರೂ
ಬೇರಿನ ಹತ್ತಿರ ಚೂರು ಹಾಗೇ ಉಳಿಯಿತು.

ಹತ್ತು ಸಾಲು ಬರೆದಾಯಿತು.
ಅತ್ತೆಯ ಕಡ್ಡಿ ಇದೆ, ಕಂಬ ಇದೆ, ಬಾವಿಯೂ ಇದೆ.
ಇಸ್ವಿಯ ಜಾಗಕ್ಕೆ ಸಂಖ್ಯೆ ಹಾಕಲು ಕೈ ಬರಲಿಲ್ಲ.
ಶೆಡ್ಡಿನ ಮೂಲೆಯಲ್ಲಿ ಅಬ್ಬಾನ ಡಬ್ಬಿ ಸಿಕ್ಕಿತು,
ತಳದಲ್ಲಿ ಗಟ್ಟಿಕಟ್ಟಿದ ಮೈಲುತುತ್ತ.
ಅರೆದು, ಅಂಟು ಬೆರೆಸಿ,
ದಪ್ಪ ಬ್ರಷ್ಷಿನಲ್ಲಿ ಒಂದು ಪಟ್ಟೆ ಎಳೆದೆ.

ಮ್ಯಾನೇಜರು ಸೋಮವಾರ ಬರುತ್ತಾರೆ.
ಅಡ್ವಾನ್ಸು ಆಗಲೇ ಖರ್ಚಾಗಿದೆ.