ಮೈನಸ್ ಎರಡು

ಸ್ಟೇಟ್‌ಬ್ಯಾಂಕಿಂದ ಬರುವ ಬಸ್ಸಿನವರು
ಈಗಲೂ ಕೂಗುವುದು 'ಕೋರೆ, ಕೋರೆ, ಯಾರು ಇಳಿಯುವುದು?'
ಗೇಟಿನ ಮೇಲೆ ಬೇರೆ ಹೆಸರಿದೆ,
ಹಿತ್ತಾಳೆಯದು. ವಾರಕ್ಕೊಮ್ಮೆ ನಾನೇ ಉಜ್ಜುತ್ತೇನೆ.

ಲಿಫ್ಟು ಮೈನಸ್ ಎರಡಕ್ಕೆ ಇಳಿಯುವಾಗ
ಕಿವಿ ಒಮ್ಮೆ ಮುಚ್ಚುತ್ತದೆ.
ಇಷ್ಟೇ ಆಳ.
ಪಪ್ಪ ಪಿಕ್ಕಾಸು ಕೆಳಗಿಟ್ಟು
'ಮುರಕಲ್ಲು ಮುಗಿಯಿತು, ಇನ್ನು ಬರೀ ಜೇಡಿ'
ಅಂದದ್ದು ಇಲ್ಲೇ.
ಆ ಆಟಿಯಲ್ಲಿ ಹೊಂಡ ತುಂಬಿತು;
ನಾವು ಈಜು ಕಲಿತೆವು,
ಪೊಡಿಯಬ್ಬನ ಲಾರಿ ಕಲಿಯಲಿಲ್ಲ.

ಮೂರನೇ ಮಹಡಿಯ ಮೇಡಂ ಕೇಳಿದರು:
'ಲಿಗೋರಿ, ಈ ಮೂಲೆಯಲ್ಲಿ
ಬೇಸಗೆಗೂ ಒರತೆ ಯಾಕೆ?'
ಪ್ಲಂಬರಿಗೆ ಹೇಳುತ್ತೇನೆ ಅಂದೆ.

ರಾತ್ರಿ ಎರಡರ ರೌಂಡಿಗೆ ಬಂದವನು
ಬೂಟು ಬಿಚ್ಚಿ ಅಲ್ಲಿ ನಿಲ್ಲುತ್ತೇನೆ.
ತಣ್ಣಗೆ, ಕೆಂಪಗೆ, ಹಿಮ್ಮಡಿಯಷ್ಟು.
ಅವರ ಬಿಳಿ ಕಾರಿನ ಚಕ್ರಕ್ಕೂ
ಸ್ವಲ್ಪ ತಾಗಿದೆ.
ಅದನ್ನು ಮಾತ್ರ ಒರೆಸುವುದಿಲ್ಲ.