ಬಾ

ಹೈಫಾಂಗ್ ಬಂದರಿನ ನದಿದಂಡೆಯಲ್ಲಿ
ಗುಲ್‌ಮೊಹರ್ ಮರದ ಕೆಳಗೆ ಥ್ವಾಳ ಅಂಗಡಿ.
ಅಂಗಡಿಯೆಂದರೆ ಎರಡು ಇದ್ದಿಲೊಲೆ, ಒಂದು ಹಂಡೆ ಏಡಿಸಾರು,
ಮೊಣಕಾಲು ಗದ್ದಕ್ಕೆ ತಾಗುವಷ್ಟು ಗಿಡ್ಡನೆಯ
ಪ್ಲಾಸ್ಟಿಕ್ ಸ್ಟೂಲು ಒಂಬತ್ತು.
ಹತ್ತನೆಯದರ ಕಾಲು ಮುರಿದಿದೆ. ಅದರ ಮೇಲೆ ಅವಳು ಕೂರುತ್ತಾಳೆ,
ಹೇಗೆ ಕೂರಬೇಕೆಂದು ಅವಳಿಗೆ ಮಾತ್ರ ಗೊತ್ತು.

ಈ ಊರಿನ ಭಾಷೆಯಲ್ಲಿ 'ನಾನು' ಎನ್ನಲು ಒಂದೇ ಒಂದು ಪದವಿಲ್ಲ.
ಇದ್ದರೂ ಅದು ಬ್ಯಾಂಕಿಗೆ, ಪೊಲೀಸರಿಗೆ, ಜಗಳಕ್ಕೆ.
ಉಳಿದಂತೆ ಎದುರಿಗಿದ್ದವರ ವಯಸ್ಸು ನೋಡಿ
ತನ್ನನ್ನು ತಾನು ಅಳೆದುಕೊಳ್ಳಬೇಕು:
ಹಿರಿಯರೆದುರು, ಗಂಡನೆದುರು ಎಮ್. ಕಿರಿಯರೆದುರು ಚಿ.
ಅವರ ಮಕ್ಕಳು ಬಂದರೆ ಕೋ, ಇನ್ನೂ ಮಾಗಿದರೆ ಬಾಕ್.
ಹಡಗು ರಿಪೇರಿಗೆ ಬಂದ ನಾನು ಇದನ್ನೆಲ್ಲ
ಸಾರಿನ ಜೊತೆ ಅವಳಿಂದಲೇ ಕಲಿತೆ, ತಪ್ಪು ತಪ್ಪಾಗಿ.
ಮೊದಲ ವಾರ, ನಾಲ್ಕು ವರ್ಷದ ಮಗುವಿನ ಮುಂದೆ
ನನ್ನನ್ನು ನಾನು 'ತಮ್ಮ' ಎಂದುಕೊಂಡಿದ್ದೆ.
ಬೀದಿಗೆ ಬೀದಿಯೇ ನಕ್ಕಿತ್ತು.

ಇವತ್ತು ಬೆಳಿಗ್ಗೆ ಆರೂಕಾಲಿಗೆ
ಸ್ಕೂಟರಿನಲ್ಲಿ ಬಂದ ಹುಡುಗ ಹೆಲ್ಮೆಟ್ಟೂ ತೆಗೆಯದೆ ಕೂಗಿದ:
ಬಾ ಓಯ್! ಒಂದು ಬಟ್ಟಲು!

ನನ್ನ ಕಿವಿ ಕನ್ನಡದ್ದು. ಯಾರನ್ನೋ ಕರೆದನೆಂದು ಹಿಂತಿರುಗಿ ನೋಡಿದೆ.
ಥ್ವಾಳೂ ಹಿಂತಿರುಗಿ ನೋಡಿದಳು.
ಹಿಂದೆ ಯಾರೂ ಇರಲಿಲ್ಲ. ನದಿಯಿತ್ತು,
ಮರಳು ಹೇರಿಕೊಂಡ ಒಂದು ದೋಣಿ.

ಬಾ ಎಂದರೆ ಅಜ್ಜಿ.

ನಿನ್ನೆಯವರೆಗೆ ಅವಳು ಕೋ, ಹೆಚ್ಚೆಂದರೆ ಬಾಕ್.
ಐವತ್ತೇಳು. ಕೂದಲಿಗೆ ಬಣ್ಣ ಹಾಕಿ ಹನ್ನೊಂದು ದಿನ.
ಅವಳಿಗೆ ಕೋಪ ಬರಲಿಲ್ಲ, ಲೆಕ್ಕ ಬಂತು.
ನೂಡಲ್ಸನ್ನು ಕುದಿನೀರಿಗೆ ಅದ್ದಿ ಎತ್ತುತ್ತ ಶುರುಮಾಡಿದಳು:

'ಗಂಡ ಹೋದ ವರ್ಷ ಎಮ್ ಹೋಯ್ತು.
ಹೂತದ್ದು ಅವನನ್ನು, ಒಳಗೆ ಹೋದದ್ದು ಇಬ್ಬರು.
ಈಗ ನನ್ನನ್ನು ಹಾಗೆ ಕರೆಯೋದು ಆ ಖಿಯೆಮ್ ಒಬ್ಬ,
ಕ್ರೇನ್ ಓಡಿಸ್ತಿದ್ದ ಎಪ್ಪತ್ತೆಂಟರ ಮುದುಕ,
ಅದೂ ಸಾಲ ಹೇಳುವಾಗ.
ಕೊನ್ ಇನ್ನೂ ಉಳಿದಿದೆ. ಅಮ್ಮ ಇದ್ದಾಳಲ್ಲ.
ದಿನಾ ಫೋನು, ದಿನಾ ಅದೇ ಪ್ರಶ್ನೆ: ಉಂಡೆಯಾ ಮಗಾ?
ಸುಮ್ಮನೆ ಹೂಂ ಅಂತಿದ್ದೆ.
ಇನ್ನು ಪೂರ್ತಿ ಹೇಳಬೇಕು, ನಿನ್ನ ಮಗಳು ಉಂಡಳಮ್ಮಾ ಅಂತ.
ಪದಕ್ಕೂ ತುಕ್ಕು ಹಿಡಿಯುತ್ತೆ.'

ಆಮೇಲೆ ನನ್ನ ಕಡೆ ತಿರುಗಿ: ನಿಮ್ಮಲ್ಲಿ?
ನಮ್ಮಲ್ಲಿ, ನಾನು.
ಮಗುವಾಗಿದ್ದಾಗ? ನಾನು.
ಹೆಂಡತಿಯ ಹತ್ತಿರ? ನಾನು.
ತಾಯಿಯ ಹತ್ತಿರ, ದೇವರ ಹತ್ತಿರ? ನಾನು, ನಾನು.
ಹಲ್ಲೆಲ್ಲ ಉದುರಿದ ಮೇಲೆ?
ಆಗಲೂ ಅದೇ. ಉಚ್ಚಾರ ಸ್ವಲ್ಪ ಕೆಡಬಹುದು.

ಸೌಟು ಹಿಡಿದುಕೊಂಡೇ ಮರುಕಪಟ್ಟಳು:
'ಪಾಪ. ಹಾಗಾದರೆ ವಯಸ್ಸಾಯಿತೆಂದು
ನಿಮಗೆ ಯಾರು ಹೇಳುತ್ತಾರೆ?'

ನಾನು ಹೇಳಲಿಲ್ಲ,
ಕಳೆದ ತಿಂಗಳು ಹಡಗಿನ ಏಣಿಯ ಬುಡದಲ್ಲಿ
ಹೊಸ ಎಂಜಿನಿಯರ್ ಹುಡುಗಿ ಏನೂ ಅನ್ನದೆ
ನನ್ನ ಟೂಲ್‌ಬಾಕ್ಸ್ ಎತ್ತಿಕೊಂಡದ್ದು,
ಅದನ್ನು ನಾನು ಮರ್ಯಾದೆ ಎಂದುಕೊಂಡದ್ದು,
ಕೊನೆಯ ಮೆಟ್ಟಿಲು ಹತ್ತುವ ತನಕ.

ಹೆಲ್ಮೆಟ್ ತೆಗೆದಾಗ ಹುಡುಗನಿಗೆ ಹದಿನೆಂಟಿರಬಹುದು,
ಹಣೆ ತುಂಬ ಮೊಡವೆ. ಬಟ್ಟಲು ಮುಂದೆ ಚಾಚಿದ:
ಬಾ, ಇನ್ನಷ್ಟು ಖಾರ.
ಒಂದು ಎಸಳು ಬಂದು ಸಾರಿಗೆ ಬಿತ್ತು.
ಅದನ್ನು ಚಮಚದ ತುದಿಯಲ್ಲಿ ಎತ್ತಿ ಎಸೆಯುವಷ್ಟು ಹೊತ್ತು
ಅವಳ ಬಾಯಿ ತೆರೆದೇ ಇತ್ತು, ಪದ ಹೊರಗೆ ಬಂದಿರಲಿಲ್ಲ.
ಆಮೇಲೆ, ಉಪ್ಪು ಸರಿಯಿದೆಯೇ ಎಂದು ನೋಡುವವಳ ಹಾಗೆ
ನಾಲಿಗೆಯ ತುದಿಯಲ್ಲಿ:
'ತಡಿ ಮಗಾ. ಬಾ ಕೊಡ್ತೀನಿ.'

ಅವರ ಭಾಷೆಯಲ್ಲಿ ಅದು ಇಳಿಯುವ ಸ್ವರ,
ಕತ್ತಲಲ್ಲಿ ಒಂದು ಮೆಟ್ಟಿಲು ಹೆಚ್ಚಿಗೆ ಇಳಿದ ಹಾಗೆ.
ನನ್ನ ಕಿವಿಗೆ ಮಾತ್ರ,
ದೂರದಲ್ಲಿ, ಅಷ್ಟೇನೂ ದೂರವಲ್ಲ,
ನಿಧಾನಕ್ಕೆ ನಡೆದು ಬರುತ್ತಿರುವ ಯಾರನ್ನೋ
ಹೆಸರಿಲ್ಲದೆ ಕರೆದ ಹಾಗೆ ಕೇಳಿಸಿತು.

ಪಕ್ಕದ ಸ್ಟೂಲನ್ನು ನಾನೇ ಸ್ವಲ್ಪ ಸರಿಸಿದೆ.