ಶಿಷ್ಟ ಒಂದು

ಆ ಜೂನಿನಲ್ಲಿ ಪೆರ್ಲದ ನಮ್ಮ ಎಂಟನೇ ಕ್ಲಾಸಿಗೆ
ಲೆಕ್ಕಕ್ಕೆಂದು ಬಂದವರು ಓಮನ ಟೀಚರ್.
ಚೆರುವತ್ತೂರಿನಿಂದ ರೈಲು, ಕಾಸರಗೋಡಿನಿಂದ ಬಸ್ಸು,
ಸೀರೆಯ ನೆರಿಗೆಯಲ್ಲಿ ಅಷ್ಟೂ ದಾರಿಯ ಸುಕ್ಕು.
ಬಾಯಲ್ಲಿ ಮಾತ್ರ ಒಂದಕ್ಷರ ಕನ್ನಡವಿಲ್ಲ.

ಗೇಟಿನಾಚೆ ನಮ್ಮ ಅಪ್ಪಂದಿರು ರಟ್ಟು ಹಿಡಿದು ನಿಂತಿದ್ದರು.
ರಟ್ಟಿನ ಮಾತೃಭಾಷೆಗೆ ವಟ್ರಸುಳಿ ಬಿಟ್ಟುಹೋಗಿತ್ತು;
ಬರೆದವಳು ನಾನು.

ಟೀಚರ್ ಬೋರ್ಡಿಗೆ ತಿರುಗಿ ಹದಿಮೂರು ಬರೆದರು,
ಆಚೆ ನಾಲ್ಕು,
ನಡುವೆ ಅಡ್ಡಗೆರೆ, ಮೇಲೊಂದು ಕೆಳಗೊಂದು ಚುಕ್ಕೆ.
ಹರಿಕ್ಕೂ, ಎಂದರು.
ಕೊನೇ ಬೆಂಚಿನ ಐತ್ತಪ್ಪ, ಹೇಳಿದ್ದು ಮಾಡುವ ಹುಡುಗ,
ಹಾಳೆಯೊಂದನ್ನು ಕಿತ್ತು
ಪರ್ರನೆ ಹರಿದ.
ಅರ್ಧ. ಅರ್ಧದ ಅರ್ಧ. ಡೆಸ್ಕಿನ ಮೇಲೆ ನಾಲ್ಕು ಚೂರು.
ಬೆತ್ತ ಎಲ್ಲಿದೆಯೆಂದು ನಾವು ನೋಡುತ್ತಿದ್ದೆವು.
ಟೀಚರ್ ಚೂರು ನೋಡಿದರು, ಹುಡುಗನನ್ನು ನೋಡಿದರು,
ನಕ್ಕುಬಿಟ್ಟರು:
ಅದು ತನ್ನೆ, ಅದು ತನ್ನೆ.

ಅವರಲ್ಲಿ ಸೊನ್ನೆಯ ಹೆಸರು ಪೂಜ್ಯ!
ಅಜ್ಜನಿಗೆ ಬರೆಯುವ ಕಾಗದದ ಮೊದಲ ಪದ.
ಕಿರುಪರೀಕ್ಷೆಯಲ್ಲಿ ಪೂಜ್ಯನಾದ ಐತ್ತಪ್ಪನಿಗೆ
ಮಧ್ಯಾಹ್ನ ಗಂಜಿಯ ಸಾಲಿನಲ್ಲಿ ಕೈಮುಗಿದೆವು,
ಅವನು ಬಟ್ಟಲು ಎತ್ತಿ ಹರಸಿದ.

ಮಿಸ್ರಿಯಾ ನಮ್ಮ ದುಭಾಷಿ.
ಅವಳೂ ತಡವರಿಸಿದ್ದು ಒಂದೇ ಕಡೆ:
'ತಂದೆಯ ವಯಸ್ಸು ಮಗನ ಮೂರು ಪಟ್ಟು.'
ಪಟ್ಟು ಎಂದರೆ ಟೀಚರಿಗೆ ರೇಷ್ಮೆ.
ಮೂರು ರೇಷ್ಮೆಯ ತಂದೆಯನ್ನು ಯೋಚಿಸುತ್ತ
ಅವರು ಸುಮ್ಮನೆ ಒಂದು ಎಕ್ಸ್ ಬರೆದರು.
ಎಕ್ಸ್ ಎಂದರೆ ಸರ್ವನಾಮ, ಅವನೋ ಅವಳೋ ಅದೋ,
ಜಾತಿ ಕೇಳದ್ದು, ಮನೆ ಎಲ್ಲಿ ಕೇಳದ್ದು.
ಸಮಚಿಹ್ನೆಯೇ ಕ್ರಿಯಾಪದ. ಅದಿಲ್ಲದೆ ವಾಕ್ಯ ನಿಲ್ಲದು.
ಕಂಸದೊಳಗಿನವರು ಮೊದಲು ಮಾತಾಡಬೇಕು.
ಋಣವನ್ನು ಋಣ ಗುಣಿಸಿದರೆ ಧನ:
'ಇಲ್ಲದೇ ಇಲ್ಲ' ಎಂದರೆ ಇದೆ ಅಂತಲ್ಲವೆ, ಹಾಗೆ.
ಮತ್ತೆ, ಸಮಚಿಹ್ನೆ ದಾಟಿದ ಕೂಡು ಕಳೆ ಆಗುತ್ತದೆ,
ಸಾರಡ್ಕದ ಚೆಕ್‌ಪೋಸ್ಟ್ ದಾಟಿದ್ದೇ
ಅಂಗಡಿಯ ಬೋರ್ಡು ಲಿಪಿ ಬದಲಿಸುವ ಹಾಗೆ.
ಇದನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹದಿಮೂರರಲ್ಲಿ ಒಂದು ಉಳಿದಿತ್ತಲ್ಲ,
ನಾವು ಅದನ್ನು ಶೇಷ ಎನ್ನುತ್ತೇವೆ; ಅವರು, ಶಿಷ್ಟಂ.
ನಕ್ಷೆ ಹರಿದ ವರ್ಷ ನಮ್ಮಜ್ಜ ಅಂದಿದ್ದರಂತೆ,
ಲೆಕ್ಕ ಸರಿ ಮಾರಾಯ,
ಉಳಿದವರನ್ನು ಎಲ್ಲಿ ಬರೆದಿದ್ದಾರೆ?
ಟೀಚರ್ ಒಂದು ಚುಕ್ಕೆಯಿಟ್ಟು
ಉಳಿದ ಒಂದರ ಮಗ್ಗುಲಲ್ಲಿ ಪೂಜ್ಯನನ್ನು ಕೂರಿಸಿದರು.
ಹತ್ತಾಯಿತು.
ಮತ್ತೆ ಹರಿಯಿರಿ, ಎಂದು ಕೈಸನ್ನೆ ಮಾಡಿದರು.

ಅಪ್ಪಂದಿರದು ತಪ್ಪು ಎಂದು ಈಗಲೂ ಅನ್ನಲಾರೆ.
'ಆದುದರಿಂದ'ಕ್ಕೆ ಮೂರು ಚುಕ್ಕೆಗಳಿವೆ, ನಿಜ,
'ಊಟ ಆಯ್ತಾ'ಕ್ಕೆ ಏನಿದೆ?

ಅಕ್ಟೋಬರಿನ ಒಂದು ದಿನ ಅವರ ಕಣ್ಣು ಕೆಂಪಾಗಿತ್ತು.
ಮಿಸ್ರಿಯಾ ರಜೆ.
ಬೋರ್ಡಿನತ್ತ ನಡೆದವನು ಐತ್ತಪ್ಪ,
ಲೆಕ್ಕದಲ್ಲಿ ಎಂದೂ ಎದ್ದು ನಿಲ್ಲದವನು.
ದೊಡ್ಡದಾಗಿ ಎಕ್ಸ್ ಬರೆದ, ಸಮಚಿಹ್ನೆ ಎಳೆದ,
ಆಮೇಲೆ ಪ್ರಶ್ನೆಯ ಕೊಕ್ಕೆ.
ಟೀಚರ್ ಬಹಳ ಹೊತ್ತು ಓದಿದರು
ಆ ನಾಲ್ಕು ಬೆರಳಗಲದ ವಾಕ್ಯವನ್ನು.
ಕೊಕ್ಕೆಯನ್ನು ಅಂಗೈಯಲ್ಲಿ ಒರೆಸಿ
ಅಲ್ಲಿ ಒಂದು ಸೊನ್ನೆ ಬರೆದರು.

ಏನೂ ಇಲ್ಲ, ಎಂದು ನಾವು ಓದಿಕೊಂಡೆವು.
ಐತ್ತಪ್ಪ ಕದಲಲಿಲ್ಲ.
ತಾಳೆ ನೋಡಿ ಟೀಚರ್, ಅಂದ
ಕನ್ನಡದಲ್ಲೇ.